ನೋರಾ, ಮಾರ್ಟಿನ್ ಮತ್ತು ನಮ್ಮ ಟೇಪ್ ರೆಕಾರ್ಡರ್

ಊರಿನವರ ಜೊತೆ ಫೋನಿನಲ್ಲಿ ಮಾತಾಡುವಾಗ ನಾನು ಕಿರುಚುತ್ತೇನಂತೆ. ಇದು ನನ್ನ ಮಗಳ ದೂರು. "ಅಮ್ಮಾ, ಯು ಡೋಂಟ್ ಹ್ಯಾವ್ ಟು ಶೌಟ್" ಅನ್ನುತ್ತಾಳೆ. ಅದು ನನಗೂ ಗೊತ್ತು. ಈಗಿನ ಫೋನಿನಲ್ಲಿ ಮೈಸೂರಿನ ನನ್ನ ತಂಗಿ ಹಪ್ಪಳ ಮುರಿದರೂ ಇಲ್ಲಿಗೆ ಕೇಳಿಸುತ್ತದೆ. ಆದರೂ ಫೋನು ಕೈಗೆ ಬಂದ ಕೂಡಲೇ ಗಂಟಲು ತಾನಾಗಿ ಮೇಲೇರುತ್ತದೆ. ಸಮುದ್ರ ದೊಡ್ಡದು, ನನ್ನ ದನಿ ಸಣ್ಣದು ಅನ್ನುವ ಹೆದರಿಕೆ ಅದರೊಳಗೆ ಯಾವಾಗಲೋ ಕೂತುಬಿಟ್ಟಿದೆ.

ಇದು ನಮ್ಮ ಮನೆತನದ ಅಭ್ಯಾಸ ಅಂತ ಮಗಳು ತಿಳಿದುಕೊಂಡಿದ್ದಾಳೆ. ಅಲ್ಲ. ನಮ್ಮ ಮೈಸೂರಿನ ಮನೆಯಲ್ಲಿ ಆಗ ಫೋನೇ ಇರಲಿಲ್ಲ, ಇನ್ನು ಕಿರುಚುವುದೆಲ್ಲಿ? ನಾನು ಇದನ್ನು ಕಲಿತದ್ದು ಅಮೆರಿಕದ ಜರ್ಸಿ ಸಿಟಿಯಲ್ಲಿ, ನಮ್ಮ ಮನೆ ಓನರ್ ನೋರಾಳಿಂದ. ನೋರಾ ಐರ್ಲೆಂಡಿನವಳು. ಪಶ್ಚಿಮದ ಕಡಲ ಕಡೆ ಮೇಯೋ ಅಂತ ಒಂದು ಜಿಲ್ಲೆಯಂತೆ, ಅಲ್ಲಿನ ಒಂದು ಹಳ್ಳಿ. ಆ ಹಳ್ಳಿಯಲ್ಲಿ ಫೋನಿದ್ದದ್ದು ಅಂಗಡಿಯಲ್ಲಿ ಮಾತ್ರ. ಕ್ರಿಸ್‌ಮಸ್ ದಿನ ಅವಳ ಅಪ್ಪ ಅಮ್ಮ ಚರ್ಚಿನಿಂದ ನೇರ ಅಂಗಡಿಗೆ ಹೋಗಿ ಕಾಯುತ್ತಿದ್ದರು. ಆಪರೇಟರು ಹೇಗೋ ಲೈನು ಕೊಟ್ಟ ಮೇಲೆ ನೋರಾ ಎದ್ದು ನಿಂತು ಶುರುಮಾಡುತ್ತಿದ್ದಳು.

"ಮ್ಯಾಮೀ, ಕೇಳಿಸ್ತಾ ಇದೆಯಾ? ಅಲ್ಲಿ ಮಳೆನಾ? ಏನು? ಮಳೆನಾ ಅಂದೆ! ಇಲ್ಲಿ ಹಿಮ! ಹಿಮ!"

ಅಷ್ಟರಲ್ಲಿ ಆಪರೇಟರು ಕೊಟ್ಟ ಹೊತ್ತು ಮುಗಿದಿರುತ್ತಿತ್ತು. ಮೇಲಿನ ಮಹಡಿಯಲ್ಲಿದ್ದ ನಮಗೆ ಒಂದೊಂದು ಅಕ್ಷರವೂ ಕೇಳುತ್ತಿತ್ತು. "ಫೋನ್ ಇಲ್ಲದಿದ್ದರೂ ಐರ್ಲೆಂಡಿಗೆ ಮುಟ್ಟುತ್ತಿತ್ತು" ಅಂತ ನಮ್ಮವರು ನಗುತ್ತಿದ್ದರು. ಆಮೇಲೆ ಕೆಳಗಡೆ ಬಹಳ ಹೊತ್ತು ಸದ್ದೇ ಇರುತ್ತಿರಲಿಲ್ಲ. ಆಗ ನಾವೂ ನಗು ನಿಲ್ಲಿಸುತ್ತಿದ್ದೆವು.

ನಾನು ಮದುವೆಯಾಗಿ ಬಂದದ್ದು ಅರವತ್ತೊಂಬತ್ತರ ಚಳಿಗಾಲದಲ್ಲಿ. ನಮ್ಮವರು ಬಣ್ಣ ತಯಾರಿಸುವ ಕಂಪನಿಯೊಂದರಲ್ಲಿ ಕೆಮಿಸ್ಟ್ ಆಗಿದ್ದರು. ಈಗ ಜರ್ಸಿ ಸಿಟಿಯ ನದಿ ದಂಡೆಯ ಮೇಲೆ ಗಾಜಿನ ಕಟ್ಟಡಗಳೆದ್ದಿವೆ, ನಮ್ಮ ಕಡೆಯ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡು ಟ್ರೈನ್ ಹತ್ತುತ್ತಾರೆ. ಆಗ ಅಲ್ಲಿದ್ದದ್ದು ತುಕ್ಕು ಹಿಡಿದ ರೈಲು ಹಳಿ, ಹಾಳುಬಿದ್ದ ಗೋದಾಮು, ಮತ್ತು ನದಿಯಾಚೆ ಯಾರದೋ ಶ್ರೀಮಂತ ನೆಂಟರ ಮನೆಯ ಹಾಗೆ ಮಿನುಗುವ ನ್ಯೂಯಾರ್ಕ್. ಇಂಡಿಯಾದವರು ಎದುರಾದರೆ ರಸ್ತೆ ದಾಟಿ ಹೋಗಿ ಮಾತಾಡಿಸುವ ಕಾಲ. ತೊಗರಿಬೇಳೆ ಬೇಕಾದರೆ ಮ್ಯಾನ್‌ಹಟನ್‌ಗೇ ಹೋಗಬೇಕು.

ಮೊದಲ ದಿನ ನೋರಾ ನನ್ನ ಹೆಸರು ಕೇಳಿದಳು. "ಸುಶೀಲಾ" ಅಂದೆ. ಅವಳ ಮುಖ ಅರಳಿತು. "ಶೀಲಾ! ನಮ್ಮ ಊರಲ್ಲಿ ಪ್ರತಿ ಮನೆಗೆ ಒಬ್ಬಳು ಶೀಲಾ ಇದಾಳೆ. ನಿನಗೆ ಈ ಹೆಸರು ಹೇಗೆ ಬಂತು?" ಅಂತ, ಅವರ ಮನೆಯಿಂದ ನಾನು ಅದನ್ನು ಎತ್ತಿಕೊಂಡು ಬಂದಿರುವೆನೇನೋ ಅನ್ನುವ ಹಾಗೆ ಕೇಳಿದಳು. ಸು ಅನ್ನುವುದನ್ನು ಅವತ್ತೇ ಕಳೆದುಕೊಂಡೆ. ಅವಳ ಮನೆಯಲ್ಲಿ ಇದ್ದಷ್ಟು ಕಾಲ ನಾನು ಶೀಲಾ.

ಎರಡನೆಯ ಆಶ್ಚರ್ಯ ನಮ್ಮ ಊಟ. ನೋರಾ ಶುಕ್ರವಾರ ಮಾಂಸ ಮುಟ್ಟುತ್ತಿರಲಿಲ್ಲ. ಚರ್ಚಿನವರು ಆ ಕಟ್ಟುಪಾಡು ಸಡಿಲ ಮಾಡಿದ್ದರೂ ಅವಳು ಮಾಡಿರಲಿಲ್ಲ. ನಾವು ಯಾವ ದಿನವೂ ತಿನ್ನುವುದಿಲ್ಲ, ಮೀನೂ ಇಲ್ಲ ಅಂದಾಗ, "ಅಯ್ಯೋ ಪಾಪ, ನಿಮಗೆ ದಿನಾ ಶುಕ್ರವಾರವೇ?" ಅಂದಳು. ನಮ್ಮಲ್ಲಿ ಶುಕ್ರವಾರ ಅಂದರೆ ಹೂವು, ಅರಿಸಿನ ಕುಂಕುಮ, ಹೋಳಿಗೆ ಅಂತ ಅವಳಿಗೆ ಹೇಗೆ ಹೇಳುವುದು? ಒಂದು ವಿಷಯದಲ್ಲಿ ಮಾತ್ರ ನಾವು ಮೊದಲ ದಿನದಿಂದಲೇ ಒಂದು. ಅಮೆರಿಕದವರು ಮಾಡುವ ಟೀ ಟೀಯೇ ಅಲ್ಲ.

ಅವಳು ಇಂಗ್ಲಿಷ್ ಆಡುತ್ತಿದ್ದಳು, ಅದರಲ್ಲೂ ಅವಳ ಊರಿನ ಇಂಗ್ಲಿಷ್. ನನಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧ ಅವಳ ಕೈ ಹೇಳುತ್ತಿತ್ತು. ಇಷ್ಟು ವರ್ಷದ ಮೇಲೆ ನೋಡಿದರೆ ನನ್ನ ನೆನಪಿನಲ್ಲಿ ನೋರಾ ಅಚ್ಚ ಮೈಸೂರು ಕನ್ನಡ ಆಡುತ್ತಾಳೆ. ಹಾಗೇ ಬರೆಯುತ್ತೇನೆ.

ನೋರಾಳಿಗೆ ಆಗ ನಲವತ್ತರ ಆಸುಪಾಸು. ಮದುವೆಯಾಗಿರಲಿಲ್ಲ. ಶಾಲೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ಅವಳಿಗೆ ಒಬ್ಬನೇ ತಮ್ಮ, ಮಾರ್ಟಿನ್. ಸಿಟಿ ಬಸ್ ಓಡಿಸುತ್ತಿದ್ದ. ಮೊದಲು ಬಂದವಳು ಅವಳು, ಆಮೇಲೆ ತಮ್ಮನನ್ನು ಕರೆಸಿಕೊಂಡವಳೂ ಅವಳೇ. ಇಬ್ಬರೂ ದುಡಿದು ಸೇರಿ ಕೊಂಡ ಮನೆ ಅದು. ಆದರೆ ನಾವು ಬರುವ ಹೊತ್ತಿಗೆ ಮಾರ್ಟಿನ್ ಅಲ್ಲಿರಲಿಲ್ಲ. ಎಲ್ಲಿ ಅಂತ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಪ್ರತಿ ವಾರ ನೋರಾ ಊರಿಗೆ ಕಾಗದ ಬರೆಯುತ್ತಿದ್ದಳು. ನಾನೂ ಬರೆಯುತ್ತಿದ್ದೆ, ನೀಲಿ ಏರೋಗ್ರಾಮಿನ ಮಡಿಕೆ, ಅಂಚು, ಅಂಟು ಹಚ್ಚುವ ಜಾಗ ಯಾವುದನ್ನೂ ಬಿಡದೆ. ಒಂದು ಭಾನುವಾರ ಅವಳು ಮೆಟ್ಟಿಲು ಹತ್ತಿ ಬಂದು ನಮ್ಮ ಬಾಗಿಲು ತಟ್ಟಿದಳು. ಮುಖ ಬಾಡಿತ್ತು. ತಾಯಿಯ ಕಣ್ಣಿಗೆ ಪೊರೆ ಬಂದು ಈಗ ಕಾಗದ ಓದಲು ಆಗುತ್ತಿಲ್ಲವಂತೆ. ಆಪರೇಷನ್ ಅಂದರೆ ಆಕೆಗೆ ಭಯ.

"ನಿಮ್ಮ ತಂದೆ ಓದಿ ಹೇಳಬಹುದಲ್ಲ?" ಅಂದೆ.

"ಓದ್ತಾನೆ. ಮನಸ್ಸಿನಲ್ಲೇ. ಮೂರು ಹಾಳೆ ಪೂರ್ತಿ ಓದಿ, ಮಡಿಸಿಟ್ಟು, 'ಎಲ್ಲ ಚೆನ್ನಾಗಿದಾರಂತೆ' ಅಂತಾನೆ. ಮ್ಯಾಮಿ ಇನ್ನೇನಂತೆ ಅಂದರೆ, 'ಅಷ್ಟೇ' ಅಂತಾನೆ."

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ತಾತನೂ ಹಾಗೇ ಇದ್ದರು. ನೋರಾಳೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಬಂದ ಕೆಲಸ ಹೇಳಿದಳು. ನಮ್ಮವರು ಆಗಷ್ಟೇ ಒಂದು ಕ್ಯಾಸೆಟ್ ಟೇಪ್ ರೆಕಾರ್ಡರ್ ಕೊಂಡಿದ್ದರು. ಮನೆಗೆ ಸೋಫಾ ಬರುವ ಮೊದಲೇ ಅದು ಬಂದಿತ್ತು, ಆ ಬಗ್ಗೆ ನಮ್ಮಿಬ್ಬರಲ್ಲಿ ಸಣ್ಣ ಮುನಿಸೂ ಆಗಿತ್ತು. ಅದರ ಹಾಡು ನೋರಾಳಿಗೆ ಕೇಳಿಸಿತ್ತು. ಊರಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಅಪ್ಪ ಅಮ್ಮನಿಗೆ ಅಂಥದ್ದೇ ಒಂದು ಸಣ್ಣ ಯಂತ್ರ ಕಳಿಸಿ, ಇಲ್ಲಿ ತಾವು ಮಾತಾಡಿ ಟೇಪು ಕಳಿಸುವುದು ಅವಳ ಯೋಚನೆ.

"ತಿಂಗಳಿಗೊಂದು ಸಲ ಕೊಟ್ಟರೆ ಸಾಕು. ನೀನೇ ಬಂದು ನಡೆಸಿಕೊಡು. ನನಗೆ ಆ ಬಟನ್ ಎಲ್ಲ ಭಯ" ಅಂದಳು. ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಸೇರಿಸಿದಳು. "ಮಾರ್ಟಿನ್ ಬರ್ತಾನೆ. ಅವನ ಜೊತೆ ನಾನು ಮಾತಾಡೋದಿಲ್ಲ. ಅದು ಅಲ್ಲಿಯವರಿಗೆ ಗೊತ್ತಿಲ್ಲ. ಗೊತ್ತಾಗಬಾರದು."

ಹೀಗೆ ನಾನು ತಿಂಗಳಿಗೊಂದು ಭಾನುವಾರದ ಮಧ್ಯಾಹ್ನ ನೋರಾಳ ಅಡುಗೆಮನೆಯಲ್ಲಿ ಆಕಾಶವಾಣಿ ಆದೆ.

ಮೊದಲ ಸಲ ಮಾರ್ಟಿನ್ ಬಂದದ್ದು ಕಿಟಕಿಯಿಂದ ನೋಡಿದೆ. ಹಸಿರು ಕಾರು ಮನೆಯ ಮುಂದೆ ನಿಂತಿತು. ಎತ್ತರದ ಆಳು ಇಳಿದ. ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಅವಳು ಇಳಿಯಲಿಲ್ಲ. ಮಡಿಲಿನಿಂದ ಹೆಣಿಗೆ ಕಡ್ಡಿ, ಉಣ್ಣೆ ತೆಗೆದು ಹೆಣೆಯತೊಡಗಿದಳು. ಅವಳು ಕಾರ್ಮೆಲಾ. ಇಟಲಿಯವರ ಮಗಳು, ಹೊಲಿಗೆ ಅಂಗಡಿಯಲ್ಲಿ ಕೆಲಸ. ಮೊದಲು ಮದುವೆಯಾಗಿ ಡೈವೋರ್ಸ್ ಆದವಳು. ಆ ಗಂಡ ಇನ್ನೂ ಬದುಕಿದ್ದ. ಅಂಥವಳನ್ನು ಕಟ್ಟಿಕೊಳ್ಳುವುದು ಅವರ ಚರ್ಚಿನ ಪ್ರಕಾರ ಮದುವೆಯೇ ಅಲ್ಲ. ಮಾರ್ಟಿನ್ ಸಿಟಿ ಹಾಲಿಗೆ, ಅಂದರೆ ನಗರಸಭೆ ಕಚೇರಿಗೆ ಹೋಗಿ ಅವಳನ್ನು ಮದುವೆಯಾಗಿದ್ದ. ಅವತ್ತಿನಿಂದ ನೋರಾಳ ಹೊಸ್ತಿಲೊಳಗೆ ಕಾರ್ಮೆಲಾಗೆ ಪ್ರವೇಶವಿಲ್ಲ, ತಮ್ಮನ ಜೊತೆ ಮಾತಿಲ್ಲ.

ಮಾತಿಲ್ಲ ಅಂದೆನಲ್ಲ, ಬಟನ್ ಒತ್ತಿದ ಮೇಲೆ ಕೇಳಬೇಕಿತ್ತು ನೀವು! "ಮ್ಯಾಮಿ, ನಾನು ನೋರಾ. ನಾನೂ ಮಾರ್ಟಿನ್ನೂ ಚೆನ್ನಾಗಿದೀವಿ. ಈಗ ತಾನೇ ಊಟ ಮುಗಿಸಿ ಕೂತಿದೀವಿ. ಮಾರ್ಟಿನ್, ನೀನು ಮಾತಾಡು." ಆಗ ಅವನು, "ಹೌದು ಮ್ಯಾಮಿ, ಆಲೂಗಡ್ಡೆ ಬಹಳ ಚೆನ್ನಾಗಿತ್ತು." ಅವನು ಆ ಮನೆಯಲ್ಲಿ ಆಲೂಗಡ್ಡೆ ಕಂಡು ವರ್ಷವಾಗಿತ್ತು. ಬಸ್ಸಿನ ಸಮಾಚಾರ, ಶಾಲೆಯ ಸಮಾಚಾರ, ಇಲ್ಲಿರುವ ಊರಿನವರಲ್ಲಿ ಯಾರಿಗೆ ಮಗುವಾಯಿತು, ಯಾರು ತೀರಿಕೊಂಡರು, ಎಲ್ಲ ಸರದಿ ಪ್ರಕಾರ. ನಾನು ಬಟನ್ ನಿಲ್ಲಿಸಿದ ಕೂಡಲೇ ಇಬ್ಬರ ಮುಖಕ್ಕೂ ಬೀಗ.

"ಶೀಲಾ, ಚಾವಣಿ ರಿಪೇರಿಯವನಿಗೆ ಹೇಳೋದಕ್ಕೆ ಹೇಳು ಅವನಿಗೆ."

"ಶೀಲಾ, ಅದನ್ನ ಹೋದ ತಿಂಗಳೇ ಹೇಳಿದ್ದಾಯ್ತು ಅಂತ ಹೇಳು ಅವಳಿಗೆ."

ಇಬ್ಬರ ನಡುವೆ ಒಂದು ಮೊಳದ ಟೇಬಲ್ಲು. ನಾನು ಆ ಕಡೆ ಈ ಕಡೆ ತಿರುಗಿ ದಾಟಿಸುತ್ತಿದ್ದೆ. ಇದು ನನಗೆ ಹೊಸದೇನಲ್ಲ. ನಮ್ಮ ಮನೆಯಲ್ಲಿ ಅಜ್ಜಿಗೂ ದೊಡ್ಡತ್ತೆಗೂ ಮುನಿಸು ಬಂದಾಗ ಒಬ್ಬರು ಕಂಬಕ್ಕೆ ಹೇಳುತ್ತಿದ್ದರು, ಇನ್ನೊಬ್ಬರು ತುಳಸಿ ಗಿಡಕ್ಕೆ. ನನಗೆ ಅನುಭವವಿದ್ದದ್ದು ಕಂಬವಾಗಿ. ಆ ಅನುಭವ ಅಮೆರಿಕದಲ್ಲಿ ಉಪಯೋಗಕ್ಕೆ ಬಂತು ಅಂತ ಅಪ್ಪನಿಗೆ ಬರೆಯಬೇಕು ಅಂದುಕೊಂಡೆ, ಬರೆಯಲಿಲ್ಲ.

ಮೇಯೋದಿಂದ ಮರುಟೇಪು ಬಂದಾಗ ಮತ್ತೆ ಮೂವರೂ ಕೂರುತ್ತಿದ್ದೆವು. ಅದು ಬೇರೆಯೇ ಲೋಕ. ಮೊದಲು ಗೋಡೆ ಗಡಿಯಾರ. ಆಮೇಲೆ ನಾಯಿ. ಆಮೇಲೆ ತಾಯಿಯ ಮಾತು, ಒಲೆ ಮುಂದೆ ಕೂತು ಎದುರಿಗಿದ್ದವರಿಗೆ ಹೇಳಿದ ಹಾಗೆ. ಹಸು ಕರು ಹಾಕಿತು. ಸೇತುವೆ ಹತ್ತಿರದ ಮನೆಯವರು ಟಿವಿ ತಂದರು. ಕಣ್ಣಿಗೆ ಈಗ ಕಿಟಕಿ ಇರುವ ಜಾಗ ಮಾತ್ರ ತಿಳಿಯುತ್ತದೆ. ತಂದೆ ಮಾತ್ರ ಆ ಯಂತ್ರದ ಮುಂದೆ ಬಾಯಿ ಬಿಟ್ಟವರಲ್ಲ. "ನಿಮ್ಮ ಡ್ಯಾಡಿ ಇಲ್ಲೇ ಕೂತಿದ್ದಾನೆ. ಪೆಟ್ಟಿಗೆಗೆ ಮಾತಾಡೋದಕ್ಕೆ ನನಗೇನು ಹುಚ್ಚೇ ಅಂತಾನೆ" ಅಂತ ತಾಯಿ ಹೇಳುತ್ತಿದ್ದರು. ಹಿಂದೆ ಒಂದು ಕೆಮ್ಮು, ಕುರ್ಚಿ ಎಳೆದ ಸದ್ದು. ಆ ಕೆಮ್ಮು ಬಂದಾಗ ನೋರಾ, ಮಾರ್ಟಿನ್ ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತಿದ್ದರು. ಅವರು ಒಟ್ಟಿಗೆ ಮಾಡುತ್ತಿದ್ದದ್ದು ಅದೊಂದೇ.

ಇದನ್ನೆಲ್ಲ ನೋಡಿ ನನಗೂ ಆಸೆಯಾಯಿತು. ನಾವೂ ಒಂದು ಟೇಪು ಮಾಡಿ ಮೈಸೂರಿಗೆ ಕಳಿಸಿದೆವು. ಎದುರುಮನೆ ಪ್ರೊಫೆಸರ ಹತ್ತಿರ ಯಂತ್ರವಿತ್ತು. ಮರುಟೇಪು ಬಂದಾಗ ನೋರಾಳನ್ನೂ ಕರೆದು ಹಾಕಿದೆ. ಅಪ್ಪ ಗಂಟಲು ಸರಿಮಾಡಿಕೊಂಡು ಆರಂಭಿಸಿದರು: "ಚಿರಂಜೀವಿ ಸೌಭಾಗ್ಯವತಿ ಸುಶೀಲೆಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ." ಪಾಪ, ಕಾಗದ ಬರೆದುಕೊಂಡು ಓದುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಬಂದು "ನಾವು ಚೆನ್ನಾಗಿದೀವಿ, ನೀವು ಚೆನ್ನಾಗಿದೀರಾ" ಅಂದು ಹೋದರು. ಕೊನೆಗೆ ಅಜ್ಜಿ. "ಇದರಲ್ಲಿ ಅವಳಿಗೆ ನಾನು ಕಾಣ್ತೀನಾ?" ಅಂತ ಕೇಳಿದರು. ಇಲ್ಲ ಅಂತ ಯಾರೋ ಅಂದರು. "ಮತ್ತೆ ಯಾಕ್ರೇ ನನಗೆ ಹೊಸ ಸೀರೆ ಉಡಿಸಿದ್ದು?"

ನಾನು ಬಿದ್ದು ಬಿದ್ದು ನಕ್ಕೆ. ಆದರೆ ಅಜ್ಜಿಯ ಹಿಂದೆ, ದೂರದಲ್ಲಿ, ನಮ್ಮ ಬೀದಿಯಲ್ಲಿ ಸೊಪ್ಪು ಮಾರುವವಳು ಕೂಗುತ್ತಾ ಹೋದಳು. ದಂಟು, ಮೆಂತ್ಯ, ಸಬ್ಬಸಿಗೆ. ಅಷ್ಟೇ. ನನ್ನ ನಗು ಎಲ್ಲಿ ಹೋಯಿತೋ. ನೋರಾ, "ಹಾಡ್ತಿರೋದು ಯಾರು?" ಅಂತ ಮೆಲ್ಲಗೆ ಕೇಳಿದಳು. ಸೊಪ್ಪು ಮಾರುತ್ತಾಳೆ ಅಂದೆ. ಅವಳು ತಲೆಯಾಡಿಸಿದಳು. "ನನಗೆ ಆ ನಾಯಿ" ಅಂದಳು. "ನಾನು ಹೊರಟು ಬಂದಾಗ ಇದ್ದ ನಾಯಿ ಅಲ್ಲ ಅದು. ಅದು ನನ್ನನ್ನ ನೋಡೇ ಇಲ್ಲ. ಆದರೂ ಅದು ಬೊಗಳಿದರೆ ನನಗೆ ತಡೆಯೋದಕ್ಕೆ ಆಗೋದಿಲ್ಲ."

ಹೀಗೆ ಎರಡು ಚಳಿಗಾಲ ಕಳೆದವು. ಕಾರು ಬರುತ್ತಿತ್ತು, ಕಾರ್ಮೆಲಾ ಹೆಣೆಯುತ್ತಿದ್ದಳು. ಹಿಮ ಬಿದ್ದ ದಿನ ಕಾರಿನ ಇಂಜಿನ್ ಆರಿಸುತ್ತಿರಲಿಲ್ಲ. ಒಂದು ದಿನ ನಾನು ಒಂದು ಲೋಟ ಟೀ ತೆಗೆದುಕೊಂಡು ಹೋಗಿ ಕೊಟ್ಟೆ. ಅವಳು ಮೊದಲು ನೋರಾಳ ಕಿಟಕಿ ಕಡೆ ನೋಡಿ, ಆಮೇಲೆ ತೆಗೆದುಕೊಂಡಳು. ನೋರಾ ಆ ವಾರವೆಲ್ಲ ನನ್ನ ಜೊತೆ ಕಸದ ಡಬ್ಬಿಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ.

ಆಮೇಲೆ ಆ ಟೇಪು ಬಂತು. ಗಡಿಯಾರ, ನಾಯಿ, ಹಸು ಎಲ್ಲ ಆಯಿತು. ತಾಯಿ ದನಿ ತಗ್ಗಿಸಿ ಹೇಳಿದರು.

"ಈಗ ನಾನು ಒಂದು ಮಾತು ಕೇಳ್ತೀನಿ. ನಿಮ್ಮ ಟೇಪುಗಳನ್ನ ನಾನು ಮತ್ತೆ ಮತ್ತೆ ಹಾಕಿ ಕೇಳ್ತೀನಿ. ನನಗೆ ಇನ್ನೇನು ಕೆಲಸ? ನೀವಿಬ್ಬರೂ ಚಿಕ್ಕವರಿದ್ದಾಗ ಒಬ್ಬರ ಮಾತು ಮುಗಿಯೋದಕ್ಕೆ ಇನ್ನೊಬ್ಬರು ಬಿಟ್ಟವರಲ್ಲ. ಒಂದೇ ಕಥೆ ಇಬ್ಬರೂ ಒಟ್ಟಿಗೆ ಹೇಳೋದು, ಜಗಳ ಆಡೋದು. ಈಗ ಅವಳು ಮುಗಿಸೋವರೆಗೂ ಅವನು ಕಾಯ್ತಾನೆ. ಅವನು ಮುಗಿಸೋವರೆಗೂ ಅವಳು ಕಾಯ್ತಾಳೆ. ಚರ್ಚಿನಲ್ಲಿ ಪಾಠ ಓದೋವರ ಹಾಗೆ. ನಿಮ್ಮಿಬ್ಬರ ನಡುವೆ ಏನಾಗಿದೆ?"

ಟೇಪು ತಿರುಗುತ್ತಲೇ ಇತ್ತು. ನಾನೇ ನಿಲ್ಲಿಸಿದೆ.

"ಹೊಸ ಟೇಪು ಹಾಕು, ಶೀಲಾ" ಅಂದ ಮಾರ್ಟಿನ್. "ನಾನು ಹೇಳ್ತೀನಿ."

"ಹಾಕಬೇಡ. ಮ್ಯಾಮಿ ಸತ್ತುಹೋಗ್ತಾಳೆ ಅಂತ ಹೇಳು ಅವನಿಗೆ."

"ಬಟನ್ ಒತ್ತು."

"ಒತ್ತಿದರೆ ನೋಡು."

ಹೊಸ ಟೇಪು ಹಾಕಿಯಾಗಿತ್ತು, ನನ್ನ ಬೆರಳು ಬಟನ್ನಿನ ಮೇಲಿತ್ತು. ನಾವು ಅವಳ ಮನೆಯ ಬಾಡಿಗೆಯವರು, ಆ ಊರಿನಲ್ಲಿ ನಮಗೆ ಬೇರೆ ದಿಕ್ಕಿಲ್ಲ. ನ್ಯಾಯವಾಗಿ ನಾನು ಯಂತ್ರ ಎತ್ತಿಕೊಂಡು ಮೇಲೆ ಹೋಗಬೇಕಿತ್ತು. ಆದರೆ ಕಿಟಕಿ ಇರುವ ಜಾಗ ಮಾತ್ರ ತಿಳಿಯುವ ಆ ಹೆಂಗಸು, ಅಲ್ಲಿ ಒಲೆ ಮುಂದೆ ಕೂತು ಮಕ್ಕಳ ಮಾತನ್ನು ಮತ್ತೆ ಮತ್ತೆ ಹಾಕಿ ಕೇಳುವುದು ನನ್ನ ಕಣ್ಣಿಗೆ ಕಟ್ಟಿತು. ಒತ್ತಿಬಿಟ್ಟೆ.

"ಮ್ಯಾಮಿ" ಅಂದ ಮಾರ್ಟಿನ್. "ನಾನು ಮದುವೆಯಾಗಿದ್ದೀನಿ. ಅವಳ ಹೆಸರು ಕಾರ್ಮೆಲಾ. ಒಳ್ಳೆಯವಳು. ಅವಳಿಗೆ ಮೊದಲೊಂದು ಮದುವೆ ಆಗಿತ್ತು..."

"ಆ ಗಂಡ ಇನ್ನೂ ಬದುಕಿದ್ದಾನೆ, ಅದನ್ನೂ ಹೇಳು!"

ಟೇಪಿನ ನಾಟಕದ ಮಾತು ಬಿಟ್ಟರೆ, ನೋರಾ ಮೂರು ವರ್ಷದಲ್ಲಿ ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಬದುಕಿದ್ದಾನೆ. ಅವಳನ್ನ ಹೊಡೀತಿದ್ದ. ಅದನ್ನೂ ಹೇಳ್ತೀನಿ. ಈಗ ಈ ಚಳಿಯಲ್ಲಿ ಅವಳು ಹೊರಗೆ ಕಾರಿನಲ್ಲಿ ಕೂತಿದ್ದಾಳೆ, ಯಾಕೆಂದರೆ ನನ್ನ ಅಕ್ಕ..."

"ನಿನ್ನ ಅಕ್ಕ! ಅಕ್ಕನಿಗೆ ನೀನು ಹೇಳಿದೆಯಾ? ಮಾಂಸದ ಅಂಗಡಿಯಲ್ಲಿ ನಿಂತಿದ್ದಾಗ ಯಾರೋ ಬಂದು, 'ನಿಮ್ಮ ತಮ್ಮನ ಮದುವೆಯಂತೆ, ಸಂತೋಷ' ಅಂದರು. ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ? ಇಷ್ಟು ವರ್ಷ ನಿನ್ನ ಅಂಗಿಗೆ ಇಸ್ತ್ರಿ ಮಾಡಿದವಳು ನಾನು! ನೀನು ಅವತ್ತು ಬೆಳಿಗ್ಗೆ ಹಾಕಿಕೊಂಡು ಹೋದ ಅಂಗಿಗೂ ನಾನೇ ಇಸ್ತ್ರಿ ಮಾಡಿದ್ದು!"

ಮಾರ್ಟಿನ್ ಏನೋ ಹೇಳಹೋದ. ಅವಳು ಬಿಡಲಿಲ್ಲ. ಅವನೂ ಬಿಡಲಿಲ್ಲ. ಇಬ್ಬರೂ ಒಟ್ಟಿಗೆ, ಒಬ್ಬರ ಮೇಲೊಬ್ಬರು ಬಿದ್ದು, ನನಗೆ ಅರ್ಥವಾಗದ ಊರಿನ ಮಾತುಗಳನ್ನೆಲ್ಲ ತೆಗೆದು ಕೂಗಾಡಿದರು. ಚರ್ಚಿನ ಕಟ್ಟುಪಾಡೇ ಅವಳ ಸಿಟ್ಟಿಗೆ ಕಾರಣ ಅಂತ ನಾನು ನಂಬಿದ್ದೆ. ಆ ಇಸ್ತ್ರಿ ಮಾಡಿದ ಅಂಗಿಯ ವಿಷಯ ಮಾರ್ಟಿನ್‌ಗೂ ಅವತ್ತಿನವರೆಗೆ ಹೊಳೆದಿರಲಿಲ್ಲ ಅಂತ ಕಾಣುತ್ತದೆ. ಅವನು ಇದ್ದಕ್ಕಿದ್ದ ಹಾಗೆ ಸುಮ್ಮನಾದ. "ಹೇಳಬೇಕಾಗಿತ್ತು" ಅಂದ. "ನಿನಗೆ ಹೇಳೋದಕ್ಕೆ ನನಗೆ ಧೈರ್ಯ ಬರಲಿಲ್ಲ, ನೋರಾ." ಟೇಪು ಮುಗಿದು ಟಕ್ ಅಂತ ಬಟನ್ ಮೇಲೆದ್ದಿತು.

ಅವನು ಕ್ಯಾಸೆಟ್ ತೆಗೆದು ಟೇಬಲ್ಲಿನ ಮೇಲೆ ಇಟ್ಟ. "ನಿನ್ನ ಬೆನ್ನ ಹಿಂದೆ ಒಂದು ಸಲ ಕೆಲಸ ಮಾಡಿದೆ. ಇನ್ನೊಂದು ಸಲ ಮಾಡೋದಿಲ್ಲ. ಕಳಿಸೋದು ಬಿಡೋದು ನಿನಗೆ ಬಿಟ್ಟದ್ದು" ಅಂದು ಹೊರಟುಹೋದ.

ಆ ಕ್ಯಾಸೆಟ್ಟು ನೋರಾಳ ಅಡುಗೆಮನೆಯಲ್ಲಿ ದೇವರ ಪಟದ ಕೆಳಗಿನ ಹಲಗೆಯ ಮೇಲೆ ಕೂತಿತು. ನಾನು ಯಾವುದೋ ನೆವದಲ್ಲಿ ಕೆಳಗೆ ಹೋದಾಗಲೆಲ್ಲ ನೋಡುತ್ತಿದ್ದೆ. ನೋರಾ ನನ್ನ ಜೊತೆ ಮಾತು ಬಿಟ್ಟಿದ್ದಳು. "ನಿಮ್ಮ ಯಜಮಾನರಿಗೆ ಹೇಳು, ಬಾಗಿಲು ಮೆಲ್ಲಗೆ ಹಾಕಬೇಕಂತೆ" ಅನ್ನುವಷ್ಟಕ್ಕೆ ಬಂದಿತ್ತು. "ಬೇರೆ ಮನೆ ನೋಡೋಣವಾ?" ಅಂತ ನಮ್ಮವರು ಕೇಳಿದರು. ಸ್ವಲ್ಪ ದಿನ ನೋಡೋಣ ಅಂದೆ.

ಒಂದು ದಿನ ಹಲಗೆ ಖಾಲಿ ಇತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ನೋರಾ ಕಂಡಳು. ಪಾತ್ರೆ ತೊಳೆಯುತ್ತಲೇ ಹೇಳಿದಳು. "ಪೋಸ್ಟ್ ಮಾಡಿದೆ. ಮ್ಯಾಮಿ ಒಂದು ಮಾತು ಕೇಳಿದ್ದಾಳೆ. ಅವಳು ಕೇಳಿದ್ದಕ್ಕೆ ನಾನು ಉತ್ತರ ಕೊಡದೆ ಇದ್ದದ್ದು ಇಲ್ಲ."

ಆಮೇಲೆ ಕಾಯುವುದು. ಅಂಚೆಯವನು ಬರುವ ಹೊತ್ತಿಗೆ ನೋರಾ ಕೆಲಸದಲ್ಲಿರುತ್ತಿದ್ದಳು. ಅದಕ್ಕೆ ನಾನು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆ. ನನ್ನ ಊರಿನ ಕಾಗದಕ್ಕೂ ಅಷ್ಟು ಕಾದವಳಲ್ಲ. ತಾಯಿಗೆ ಏನಾದರೂ ಆದರೆ ಬಟನ್ ಒತ್ತಿದ ಬೆರಳು ನನ್ನದಲ್ಲವೇ? ಕ್ರಿಸ್‌ಮಸ್ ಬಂತು. ಆ ವರ್ಷ ಕೆಳಗಿನಿಂದ ಕೂಗು ಕೇಳಿಸಲಿಲ್ಲ. ಹಳ್ಳಿಯ ಕಡೆ ಬಿರುಗಾಳಿಗೆ ತಂತಿ ಕಡಿದಿದೆ, ಲೈನ್ ಸಿಗುವುದಿಲ್ಲ ಅಂತ ಆಪರೇಟರು ಹೇಳಿದನಂತೆ. ಬಿರುಗಾಳಿಯೋ ಬೇರೆ ಏನೋ ಅಂತ ನೋರಾ ಅವತ್ತೆಲ್ಲ ಕಿಟಕಿಯ ಹತ್ತಿರ ನಿಂತಿದ್ದಳು.

ಜನವರಿಯಲ್ಲಿ ಟೇಪು ಬಂತು. ಅದರ ಕಥೆ ಹೇಳುವ ಮೊದಲು, ಮುಂದೆ ಇವರೆಲ್ಲ ಏನಾದರು ಅನ್ನುವುದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಏನೇನೋ ಊಹಿಸಿಕೊಳ್ಳುತ್ತೀರಿ. ನೋರಾಳೂ ಕಾರ್ಮೆಲಾಳೂ ಪ್ರಾಣ ಸ್ನೇಹಿತೆಯರಾದರು ಅಂದುಕೊಳ್ಳಬೇಡಿ. ಒಬ್ಬಳು ಎಲ್ಲವನ್ನೂ ಬೇಯಿಸುವವಳು, ಇನ್ನೊಬ್ಬಳು ಎಲ್ಲಕ್ಕೂ ಬೆಳ್ಳುಳ್ಳಿ ಟೊಮ್ಯಾಟೊ ಹಾಕುವವಳು. ಇಬ್ಬರೂ ನನ್ನ ಹತ್ತಿರ ಬಂದು ಇನ್ನೊಬ್ಬಳ ಅಡುಗೆಯ ಮೇಲೆ ದೂರು ಹೇಳುತ್ತಿದ್ದರು. ಮರುವರ್ಷದ ಬೇಸಿಗೆಯಲ್ಲಿ ಮೂವರೂ ಮೇಯೋಗೆ ಹೋಗಿ ಬಂದರು. ನಮ್ಮವರೇ ಏರ್‌ಪೋರ್ಟಿಗೆ ಬಿಟ್ಟು ಬಂದರು. ಅಲ್ಲಿ ಆ ತಾಯಿ ಕಾರ್ಮೆಲಾಳ ಮುಖವನ್ನು ಎರಡೂ ಕೈಯಲ್ಲಿ ಸವರಿ, "ತೆಳ್ಳಗಿದ್ದಾಳೆ" ಅಂದರಂತೆ. ಇದನ್ನು ನೋರಾ ನನಗೆ ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಹೇಳಿದಳು. ಅದಾದ ಕೆಲವು ವರ್ಷಕ್ಕೆ ತಾಯಿ ತೀರಿಕೊಂಡರು, ನಿದ್ದೆಯಲ್ಲೇ. ಅಷ್ಟು ಹೊತ್ತಿಗೆ ನಾವು ಕ್ರ್ಯಾನ್‌ಬರಿ ಅನ್ನುವ ಊರಿನ ಕಡೆ ಸ್ವಂತ ಮನೆ ಮಾಡಿದ್ದೆವು. ಈಗ ಗೋದಾಮುಗಳು ನಿಂತಿರುವ ಕಡೆ ಆಗ ಆಲೂಗಡ್ಡೆ ಹೊಲ. ನೋರಾ ಬಂದಾಗಲೆಲ್ಲ ಆ ಹೊಲದ ಅಂಚಿನಲ್ಲಿ ನಿಂತು, ಇನ್ನೂ ಸ್ವಲ್ಪ ಮಳೆ ಬೇಕು ಅಂತ ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ನೋರಾಳ ಸೊಂಟದ ಆಪರೇಷನ್ ಆದಾಗ ಅವಳ ಮನೆಗೆ ಬಂದು ನಿಂತು ಎಲ್ಲ ಮಾಡಿದವಳು ಕಾರ್ಮೆಲಾ. ಬೆಳ್ಳುಳ್ಳಿ ಹಾಕದೆ.

ಇರಲಿ. ಜನವರಿಯ ಆ ಭಾನುವಾರ. ಹೊರಗೆ ಒಡೆದ ಗಾಜಿನ ಹಾಗೆ ಹೆಪ್ಪುಗಟ್ಟಿದ ಹಿಮ. ಮಾರ್ಟಿನ್ ಟೋಪಿ ತೆಗೆಯದೆ ಕೂತ. ನೋರಾ ಎರಡು ಕೈಯನ್ನೂ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಕೂತಳು. ನಾನು ಟೇಪು ಹಾಕಿದೆ.

ಗಡಿಯಾರ. ಬಹಳ ಹೊತ್ತು ಗಡಿಯಾರವೇ. ಆಮೇಲೆ ಒಂದು ಕೆಮ್ಮು. ಆ ಕೆಮ್ಮು ಈ ಸಲ ಹತ್ತಿರದಲ್ಲಿತ್ತು.

"ನಾನು ನಿಮ್ಮ ಡ್ಯಾಡಿ" ಅಂದಿತು ಒಂದು ಗಡಸು ದನಿ. ನೋರಾ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನಿಮ್ಮಮ್ಮ ಅತ್ತಳು. ಈಗ ಸರಿಯಾಗಿದ್ದಾಳೆ. ನೀವು ಜಗಳ ಆಡಿದ್ದನ್ನ ಕೇಳಿ ಸ್ವಲ್ಪ ಸಮಾಧಾನವೂ ಆಯಿತಂತೆ. ಅದು ನನಗೆ ಅರ್ಥವಾಗೋದಿಲ್ಲ." ಮತ್ತೆ ಗಡಿಯಾರ. "ಮದುವೆ ವಿಷಯ ಮಾರ್ಟಿನ್‌ಗೂ ದೇವರಿಗೂ ಬಿಟ್ಟದ್ದು. ನಾನು ಅವರಿಬ್ಬರ ನಡುವೆ ಹೋಗಿ ನಿಲ್ಲೋದಿಲ್ಲ. ನೋರಾ, ನಿನಗೆ ಒಂದು ಮಾತು. ತಗಡಿನ ಪಾತ್ರೆ ರಿಪೇರಿ ಮಾಡೋದಕ್ಕೆ ಬರ್ತಿದ್ದನಲ್ಲ, ಅವನ ಹೆಸರೂ ನಮಗೆ ಗೊತ್ತಿರಲಿಲ್ಲ. ಅವನನ್ನ ಮಳೆಯಲ್ಲಿ ಹೊರಗೆ ನಿಲ್ಲಿಸಿದ್ದನ್ನ ನೀನು ನೋಡಿದೀಯಾ? ಒಲೆ ಹತ್ತಿರ ಕೂರಿಸಿ ಟೀ ಕೊಡ್ತಿದ್ದೆವು. ಆ ಹೆಣ್ಣುಮಗಳು ಚಳಿಯಲ್ಲಿ ಕಾರಿನಲ್ಲಿ ಕೂತಿದ್ದಾಳಂತೆ. ಹೋಗಿ ಒಳಗೆ ಕರ್ಕೊಂಡು ಬಾ." ಮತ್ತೆ ಕೆಮ್ಮಿ, "ಅಷ್ಟೇ. ಇದನ್ನ ಹೇಗೆ ನಿಲ್ಲಿಸೋದು?"

ದೂರದಿಂದ ತಾಯಿಯ ದನಿ: "ಬಿಡು, ಅದೇ ನಿಲ್ಲುತ್ತೆ. ಅವಳ ದನಿ ನನಗೆ ಕೇಳಬೇಕು ಅಂತ ಹೇಳು."

"ನೀನೇ ಹೇಳಿದೆಯಲ್ಲ" ಅಂದರು ತಂದೆ.

ನೋರಾ ಎದ್ದಳು. ಕೋಟು ಹಾಕಿಕೊಳ್ಳಲಿಲ್ಲ, ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಮಾರ್ಟಿನ್ ಏಳಲು ಹೋದ, ಅವಳು ಕೈಯಲ್ಲೇ ಕೂರು ಅಂದಳು. ನಾನು ಕಿಟಕಿಗೆ ಹೋದೆ. ಜಾರುವ ಹಿಮದ ಮೇಲೆ ಬೇಲಿ ಹಿಡಿದು ಹಿಡಿದು ಅವಳು ಕಾರಿನ ಹತ್ತಿರ ಹೋಗಿ ಗಾಜು ತಟ್ಟಿದಳು. ಕಾರ್ಮೆಲಾ ಬೆಚ್ಚಿ ಬಿದ್ದಳು. ಕಾರು ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದ್ದೇವೆ ಅಂತ ಬೈಯಲು ಬಂದಿದ್ದಾಳೆ ಅಂದುಕೊಂಡಳೋ ಏನೋ, ಹೆಣಿಗೆ ಬದಿಗಿಟ್ಟು, ಗಡಿಬಿಡಿಯಲ್ಲಿ ಸ್ಟೀರಿಂಗ್ ಕಡೆ ಸರಿದು ಕಾರನ್ನು ಹಿಂದಕ್ಕೆ ತೆಗೆಯಲು ಹೊರಟಳು. ನೋರಾ ಕ್ಯಾಸೆಟ್ಟಿನಲ್ಲಿ ಬಂದ ಹುಕುಮನ್ನು ಪಾಲಿಸಲು ಕಾರಿನ ಜೊತೆ ಜೊತೆಗೇ ಹೆಜ್ಜೆ ಹಾಕುತ್ತಾ ಗಾಜು ಬಡಿದಳು. ಕಾರು ನಿಂತಿತು. ಗಾಜು ಇಳಿಯಿತು. ಏನು ಮಾತಾಯಿತೋ ನನಗೆ ಕೇಳಲಿಲ್ಲ. ಮುಂದೆ ಇಬ್ಬರೂ ಹೇಳಲಿಲ್ಲ. ಒಬ್ಬಳು ಬಾಗಿ ನಿಂತಿದ್ದಳು, ಇನ್ನೊಬ್ಬಳು ತಲೆ ಎತ್ತಿ ನೋಡುತ್ತಿದ್ದಳು, ಇಬ್ಬರ ಬಾಯಿಂದಲೂ ಬಿಳಿಯ ಉಸಿರು ಹೊರಡುತ್ತಿತ್ತು. ಆಮೇಲೆ ಬಾಗಿಲು ತೆರೆಯಿತು.

ಅಡುಗೆಮನೆಗೆ ಬಂದ ಕಾರ್ಮೆಲಾ ಕೂರಲು ಜಾಗ ಇದ್ದರೂ ನಿಂತೇ ಇದ್ದಳು. ನೋರಾ ಕುರ್ಚಿ ಎಳೆದು ಒಲೆಯ ಹತ್ತಿರ ಹಾಕಿದಳು. ಟೀ ಬಗ್ಗಿಸಿದಳು. "ಸಕ್ಕರೆ?" ಅಂತ ಕೇಳಿದಳು, ನೇರವಾಗಿ ಅವಳನ್ನೇ. ಕಾರ್ಮೆಲಾ ಎರಡು ಕೈಯಿಂದಲೂ ಕಪ್ಪು ಹಿಡಿದುಕೊಂಡಳು. ಮಾರ್ಟಿನ್ ಆಗ ಟೋಪಿ ತೆಗೆದ.

ನಾನು ಹೊಸ ಟೇಪು ಹಾಕಿ ಬಟನ್ ಒತ್ತಿದೆ. ಕಾರ್ಮೆಲಾ ಯಂತ್ರ ನೋಡಿದಳು, ನೋರಾಳನ್ನು ನೋಡಿದಳು. "ಅವರನ್ನ ಏನಂತ ಕರೀಲಿ?" ಅಂತ ಪಿಸುಗುಟ್ಟಿದಳು.

"ಎಲ್ಲರೂ ಮ್ಯಾಮಿ ಅಂತಾರೆ" ಅಂದಳು ನೋರಾ, ಕೆಟಲ್ ಕಡೆ ತಿರುಗಿಕೊಂಡು.

ಕಾರ್ಮೆಲಾ ಯಂತ್ರದ ಹತ್ತಿರ ಬಾಗಿದಳು.

"ಮ್ಯಾಮಿ, ನಾನು ಕಾರ್ಮೆಲಾ. ಒಳಗೆ ಕೂತಿದೀನಿ. ಇಲ್ಲಿ ಬೆಚ್ಚಗಿದೆ."